ನಾನು ಊರಲ್ಲಿಲ್ಲದ ದಿನದ ಉತ್ತರಗಳು

ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಬಾಡಿಗೆ ಮನೆಗಳಲ್ಲಿ ಹೇಗೆ ಬದುಕುತ್ತಾರೆ ಎನ್ನುವುದು ಎಂ.ಎ. ಓದುವ ನನ್ನ ಮೊಮ್ಮಗಳ ಪ್ರಾಜೆಕ್ಟು. ಮೊದಲು ಕೆಲವರನ್ನು ಕೇಳಿ ನೋಡು, ಉತ್ತರ ಸರಿಯಿದ್ದರೆ ಮುಂದುವರಿ ಎಂದು ಅವಳ ಮೇಡಂ ಹೇಳಿದ್ದರು. ನಾನೇ ಬಾಡಿಗೆಗೆ ಕೊಟ್ಟಿರುವ ವಠಾರ ಇರುವಾಗ ಬೇರೆ ಕಡೆ ಯಾಕೆ? ಒಳ್ಳೆ ಸೀರೆ ಉಟ್ಟು ನಾನೂ ಅವಳ ಜೊತೆ ಮನೆಮನೆಗೆ ಹೊರಟೆ.

"ನೀರು ಸರಿಯಾಗಿ ಬರುತ್ತಾ ಅಕ್ಕ?" ಎಂದು ಅವಳು ಕೇಳಿದರೆ ಎಲ್ಲರೂ ನನ್ನ ಮುಖ ನೋಡಿ, "ಸಕ್ಕತ್ತಾಗಿ ಬರ್ತದೆ" ಎಂದರು. ಓನರು ಹೇಗೆ ಎಂದರೆ, "ದೇವ್ರಂಥೋರು." ನನಗೆ ಹಿಗ್ಗೋ ಹಿಗ್ಗು.

ಸಂಜೆ ಅದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿದ ಹುಡುಗಿ ತಲೆ ಹಿಡಿದು ಕೂತಳು. "ಎಲ್ರದ್ದೂ ಒಂದೇ ಉತ್ತರ ಅಜ್ಜಿ. ಇದ್ರಲ್ಲಿ ಏನಂತ ಅನಾಲಿಸಿಸ್ ಮಾಡ್ಲಿ? ಮೇಡಂ ಪ್ರಾಜೆಕ್ಟೇ ಬೇಡ ಅಂತಾರೆ. ನೀನು ಪಕ್ಕದಲ್ಲಿ ನಿಂತ್ರೆ ಯಾರು ಬಾಯಿ ಬಿಡ್ತಾರೆ?"

"ಅಂಗಾದ್ರೆ ನಾಳೆ ನೀನೊಬ್ಳೇ ಓಗು ಕಣೇ. ನಾನು ಅತ್ತಿಬೆಲೆಗೆ ತಂಗಿ ಮನೆಗೆ ಓಗ್ತೀನಿ."

ವಠಾರಕ್ಕೆಲ್ಲ ಕೇಳುವಂತೆ ಕೂಗಿ ಹೇಳಿಯೇ ಹೊರಟೆ. ಮರುದಿನ ಬಂದರೆ ಅವಳು ಕುಣಿಯುತ್ತಿದ್ದಳು.

"ಅಜ್ಜಿ, ಬಾಯ್ತುಂಬ ಬೈದ್ರು! ಬಟ್ಟೆ ಒಗೆಯೋ ಹೊತ್ತಿಗೇ ಮುದುಕಿ ಮೋಟಾರ್ ಆಫ್ ಮಾಡ್ತಾಳಂತೆ. ನೆಂಟ್ರು ಬಂದ್ರೆ ಗೇಟಲ್ಲೇ ನಿಲ್ಸಿ ಪ್ರಶ್ನೆ ಕೇಳ್ತಾಳಂತೆ!"

"ಯಾವೋಳು ಅಂದಿದ್ದು?"

"ಹೆಸರು ಹೇಳಂಗಿಲ್ಲ. ರೂಲ್ಸು!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಮೇಡಂ ಫೋನಿನಲ್ಲಿ ಒಪ್ಪಿದ ಕೂಡಲೇ ಅವಳು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದಳು.

"ಇಳಿಸೇ," ಎಂದು ಕಿರುಚಿದೆ, "ಮೋಟಾರ್ ಆಫ್ ಮಾಡೋ ಒತ್ತಾಯ್ತು!"