ಸ್ವಿಟ್ಜರ್ಲೆಂಡಿನ ಆಕಳಿಗೆ ಮಸ್ಕಿಯ ಕುಂಕುಮ

ನಮ್ಮ ಅಡುಗೆಕೋಣೆಯಲ್ಲಿ ಒಂದು ಸ್ಟೀಲಿನ ಬೋಗುಣಿ ಇದೆ. ಬಾಯಿ ಅಗಲ, ಆಳ ಕಡಿಮೆ, ಅಂಚಿಗೆ ಒಂದು ಕಡೆ ಸಣ್ಣ ನೆಗ್ಗು. ನನ್ನ ಅಂಗಡಿಯಿಂದಲೇ ಮನೆಗೆ ಬಂದದ್ದು. ನೆಗ್ಗಿದ್ದನ್ನು ಗಿರಾಕಿ ಒಯ್ಯುವುದಿಲ್ಲ, ಹೆಂಡತಿ ಒಯ್ಯುತ್ತಾಳೆ. ಭಾಂಡೆ ವ್ಯಾಪಾರದಲ್ಲಿ ಇದು ಮೊದಲ ಪಾಠ. ಬೋಗುಣಿಯಂಥ ಬೋಗುಣಿಯ ಮೇಲೆ ಏನು ಬರೆಯುತ್ತಾನೆ ಈ ಮುದುಕ ಅಂತ ನೀವು ನಗಬಹುದು. ನಗ್ರಿ, ನಾನೂ ಇವತ್ತು ಬೆಳಗಿನಿಂದ ನಗುತ್ತಲೇ ಇದ್ದೇನೆ; ಒಬ್ಬನೇ ನಕ್ಕರೆ ಮಂದಿ ಬೇರೆ ತಿಳಿಯುತ್ತಾರೆಂದು ನಿಮ್ಮನ್ನು ಜೊತೆಗೆ ಕರೆಯುತ್ತಿದ್ದೇನೆ.

ಮಸ್ಕಿಯ ಬಜಾರಿನಲ್ಲಿ ಭಾಂಡೆ ಮಾರುತ್ತ ಮಾರುತ್ತ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಸಾಲಿ ನನಗೆ ನಾಲ್ಕನೇ ಕ್ಲಾಸಿಗೇ ಸಾಕೆಂದಿತೋ, ನಾನೇ ಅದಕ್ಕೆ ಸಾಕೆಂದೆನೋ, ಈಗ ಇಬ್ಬರಿಗೂ ನೆನಪಿಲ್ಲ. ಆದರೆ ಯಾವ ಭಾಂಡೆ ಯಾತಕ್ಕೆ ಎಂದು ಕೇಳಿದರೆ ಮಾತ್ರ ನಿದ್ದೆಯಲ್ಲೂ ಹೇಳುತ್ತೇನೆ: ಇದು ಹಿಟ್ಟು ನಾದಲಿಕ್ಕೆ, ಇದು ಅಕ್ಕಿ ತೊಳೆಯಲಿಕ್ಕೆ, ಇದು ಮಗಳ ಮದುವೆಗೆ ಕೊಡಲಿಕ್ಕೆ, ಇದು ಕೊಟ್ಟ ಮೇಲೆ ಬೀಗರು ಹೆಸರಿಡಲಿಕ್ಕೆ. ಕಾಗದದ ತುಣುಕುಗಳಿಗೆ ಜಳಕ ಮಾಡಿಸಲಿಕ್ಕೂ ಒಂದು ಬೋಗುಣಿ ಬೇಕಾಗುತ್ತದೆಂದು ಮಾತ್ರ ಇಷ್ಟು ವರ್ಷ ಯಾವ ಗಿರಾಕಿಯೂ ನನಗೆ ಹೇಳಿರಲಿಲ್ಲ. ಹೇಳಿದವಳು ನನ್ನ ಮೊಮ್ಮಗಳು.

ಹೆಸರು ಸಹನಾ. ಹೆಸರಿಟ್ಟವನು ನಾನೇ. ಇದ್ದ ಸಹನೆಯನ್ನೆಲ್ಲ ಹೆಸರಿಗೇ ಖರ್ಚು ಮಾಡಿದ್ದರಿಂದಲೋ ಏನೋ, ಸ್ವಭಾವಕ್ಕೆ ಒಂದು ಚಿಟಿಕೆಯೂ ಉಳಿಯಲಿಲ್ಲ. ಬಸ್ಸು ತಡವಾದರೆ ಬಸ್ಸಿನ ಮೇಲೆ ಸಿಟ್ಟು, ರೊಟ್ಟಿ ಬಿಸಿಯಿದ್ದರೆ ರೊಟ್ಟಿಯ ಮೇಲೆ ಸಿಟ್ಟು. ಆದರೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿಕೊಂಡು, ಲಕೋಟೆಯಿಂದ ಕತ್ತರಿಸಿದ ಅಂಚೆಚೀಟಿಗಳನ್ನು ಅದರಲ್ಲಿ ತೇಲಿಬಿಟ್ಟಳೆಂದರೆ, ನೋಡ್ರಿ, ನಮ್ಮ ಹುಡುಗಿ ಋಷಿಯಾಗುತ್ತಾಳೆ. ಚೀಟಿ ತಾನಾಗಿಯೇ ಲಕೋಟೆಯ ಕೈ ಬಿಡಬೇಕಂತೆ. ಅವಸರ ಮಾಡಿ ಕಿತ್ತರೆ ಬೆನ್ನು ಹರಿಯುತ್ತದಂತೆ. ಬಿಟ್ಟ ಮೇಲೆ ಚಿಮಟದಿಂದ ಎತ್ತಿ, ಹಳೇ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸುತ್ತಾಳೆ. ನಾನು ಮಾರುವ ಚಿಮಟ ರೊಟ್ಟಿ ತಿರುವುವಂಥದ್ದು. ಅವಳದು ಅದರ ಮೊಮ್ಮಗಳಂತೆ ಇದೆ, ಬೆರಳುದ್ದ, ಮತ್ತು ಅದಕ್ಕೂ ಇವಳಷ್ಟೇ ಚೂಪು ಮೂಗು.

ಜಪಾನಿನ ಹಕ್ಕಿ, ಶ್ರೀಲಂಕೆಯ ಆನೆ, ಹೆಸರು ಹೇಳಲು ನನ್ನ ಹಲ್ಲುಸೆಟ್ಟು ಒಪ್ಪದ ದೇಶಗಳ ಹಡಗು, ಸೇತುವೆ, ರಾಣಿಯರು, ಎಲ್ಲರೂ ನಮ್ಮ ಬೋಗುಣಿಯಲ್ಲಿ ಮಿಂದಿದ್ದಾರೆ. ನನ್ನ ಹೆಂಡತಿಗೆ ಇದು ಸೇರುತ್ತಿರಲಿಲ್ಲ. "ಯಾವ್ಯಾವ ಊರಾಗ ಯಾರ್ಯಾರು ನೆಕ್ಕಿ ಹಚ್ಚ್ಯಾರೋ ಏನೋ, ನನ್ನ ಹಿಟ್ಟಿನ ಬೋಗುಣ್ಯಾಗ ತಂದು ನೆನೀ ಹಾಕ್ತಾಳ" ಎಂದು ದಿನಾ ಒಂದು ಸಲ ಬೈದು, ಬೋಗುಣಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಡುತ್ತಿದ್ದಳು.

ಈ ಚೀಟಿಗಳಲ್ಲಿ ಬಹಳಷ್ಟು ನೆನಪಿನ ಚೀಟಿಗಳು. ಯಾರೋ ಹುಟ್ಟಿದ್ದರ ನೆನಪಿಗೆ, ಯಾವುದೋ ರೈಲು ಓಡಿದ್ದರ ನೆನಪಿಗೆ, ಒಂದು ಹಬ್ಬದ ನೆನಪಿಗೆ ಸರ್ಕಾರಗಳು ಇವನ್ನು ಹೊರಡಿಸುತ್ತವಂತೆ. ನನಗೆ ಮೊದಲು ಚೋದ್ಯವೆನಿಸಿತು. ಮರೆಯಬಾರದ್ದನ್ನು ಮಂದಿ ಕಲ್ಲಿನ ಮೇಲೆ ಕೆತ್ತಿಸಬೇಕಲ್ಲದೆ, ಉಗುಳು ಹಚ್ಚಿದರೆ ಕರಗುವ ಗೋಂದಿನ ಮೇಲೆ ನಂಬಿಕೆ ಇಡುತ್ತಾರೇನು? ಆಮೇಲೆ ನಮ್ಮೂರ ಗುಡ್ಡದ ಬಂಡೆ ನೆನಪಾಯಿತು. ಎಂದೋ ಒಬ್ಬ ಮಹಾರಾಜ ತನ್ನ ಹೆಸರು ಸಹಿತ ನಮ್ಮೂರಿಗೊಂದು ಕಾಗದ ಬರೆಸಿ ಆ ಬಂಡೆಯ ಮೇಲೆ ಕೆತ್ತಿಸಿದ. ಚೀಟಿ ಹಚ್ಚಲಿಲ್ಲ. ಅದಕ್ಕೇ ಇರಬೇಕು, ಕಾಗದ ಬಂದು ಬಾಗಿಲಲ್ಲೇ ಬಿದ್ದಿದ್ದರೂ ಅದನ್ನು ಓದುವವರು ಸಿಗಲು ಎರಡು ಸಾವಿರ ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಅದರ ಮಗ್ಗುಲಲ್ಲಿ ನಮ್ಮ ಹಿರಿಯರು ಕುರಿ ಮೇಯಿಸಿ, ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಕೈ ಒರೆಸಿಕೊಂಡು ಹೋಗಿದ್ದರು. ಕಲ್ಲಿಗಿಂತ ಕಾಗದ ಚುರುಕು ಎಂದು ಆವತ್ತು ಒಪ್ಪಿಕೊಂಡೆ.

ಇರಲಿ, ಆಕಳಿನ ವಿಷಯಕ್ಕೆ ಬರುತ್ತೇನೆ. ಲಿಂಗಸುಗೂರಿನಲ್ಲಿ ಸಾಲಿಮಕ್ಕಳಿಗಾಗಿ ಅಂಚೆಚೀಟಿಗಳ ಪ್ರದರ್ಶನ ಇಟ್ಟಿದ್ದರು. ಸಹನಾ ಆರಿಸಿಕೊಂಡದ್ದು ಲೋಕದ ದನಕರುಗಳನ್ನು. ಒಂದು ದೊಡ್ಡ ರಟ್ಟಿನ ಮೇಲೆ ಯಾವ ದೇಶದ್ದು ಎಲ್ಲಿ ಎಂದು ಗೆರೆ ಹಾಕಿ ಜೋಡಿಸಿದಳು. ನಟ್ಟನಡುವಿನ ಜಾಗ ಮಾತ್ರ ಬಹಳ ದಿನ ಖಾಲಿ ಇತ್ತು. ಲಿಂಗಸುಗೂರಿನಲ್ಲಿ ಒಬ್ಬರು ನಿವೃತ್ತ ಪೋಸ್ಟ್ ಮಾಸ್ತರರಿದ್ದಾರೆ. ಮಾತು ಕಡಿಮೆ, ಚೀಟಿ ಜಾಸ್ತಿ. ಅವರ ಹತ್ತಿರ ಸ್ವಿಟ್ಜರ್ಲೆಂಡಿನ ಒಂದು ಚೀಟಿ ಇತ್ತು. ಬೇಸಿಗೆಗೆ ಬೆಟ್ಟ ಹತ್ತಿಸಿದ ದನಗಳನ್ನು ಚಳಿಗೆ ಮುಂಚೆ ಊರಿಗೆ ಇಳಿಸುವಾಗ ಅಲ್ಲಿಯವರು ಹಬ್ಬ ಮಾಡುತ್ತಾರಂತೆ; ಆ ಹಬ್ಬದ ನೆನಪಿನ ಚೀಟಿ. ಅದರ ಮೇಲೊಂದು ಆಕಳು, ತಲೆಯ ಮೇಲೆ ಹೂವಿನ ಕಿರೀಟ, ಕೊರಳಲ್ಲಿ ಕೊಡದಷ್ಟು ದೊಡ್ಡ ಗಂಟೆ. ಸಹನಾ ಹೋಗಿ ಹೋಗಿ ಕೇಳಿ, ತನ್ನಲ್ಲಿದ್ದ ಚೆಂದದ ಹಕ್ಕಿಗಳನ್ನೆಲ್ಲ ಬದಲಿಗೆ ಕೊಟ್ಟು, ಕೊನೆಗೂ ತಂದಳು. "ಬೆರಳಿಂದ ಮುಟ್ಟಬ್ಯಾಡವ್ವಾ" ಎಂದು ಮಾಸ್ತರರು ಬಾಗಿಲತನಕ ಬಂದು ಹೇಳಿ ಕಳಿಸಿದ್ದರು. ಪ್ರದರ್ಶನ ನೋಡಿ ಮಾರ್ಕ್ಸು ಹಾಕುವವರೂ ಅವರೇ.

ಪ್ರದರ್ಶನದ ಆ ವಾರದಲ್ಲೇ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮಣ್ಣಿನಿಂದ ಎತ್ತು ಮಾಡಿ ಪೂಜಿಸುವ ಹಬ್ಬ. ಸಂತೆಕಲ್ಲೂರಿನ ನಮ್ಮ ಹೊಲಕ್ಕೆ ಈಗ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಮಗನ ಮೋಟಾರ್‌ಸೈಕಲ್ಲು ನಿಲ್ಲುತ್ತದೆ. ಜೀವಂತ ಎತ್ತುಗಳಿದ್ದಾಗ ಅವುಗಳ ಕೊಂಬಿಗೆ ಬಣ್ಣ ಹಚ್ಚಿ ಆರತಿ ಎತ್ತಿದ ಕೈ ನನ್ನ ಹೆಂಡತಿಯದು. ಮಣ್ಣಿನೆತ್ತಿನ ಮುಂದೆ ನಿಂತಾಗಲೂ ಅವಳು ಹಿಂದಕ್ಕೊಂದು ಹೆಜ್ಜೆ ಸರಿಯುತ್ತಾಳೆ, ಎಲ್ಲಿ ಹಾಯುತ್ತದೋ ಎಂದು.

ಹಿಂದಿನ ಸಂಜೆ ಸಹನಾ ತನ್ನ ರಟ್ಟನ್ನು ತಂದು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ನಮ್ಮಲ್ಲಿ ಪರೀಕ್ಷೆಗೆ ಮೊದಲು ಪೆನ್ನು ಇಡುವುದಿಲ್ಲವೆ, ಹಾಗೆ. ಬೆಳಿಗ್ಗೆ ಅವಳಿನ್ನೂ ಏಳುವ ಮೊದಲೇ ಪೂಜೆ ಮುಗಿದಿತ್ತು. ಮಣ್ಣೆತ್ತುಗಳ ಹಣೆಗೆ ವಿಭೂತಿ, ಕುಂಕುಮ. ಪಕ್ಕದಲ್ಲಿದ್ದ ರಟ್ಟಿನ ನಡುವೆ, ಆಕಳಿನ ಹಣೆಗೂ ಒದ್ದೆ ಬೆರಳಿನಿಂದ ವಿಭೂತಿ, ಅದರ ಮೇಲೆ ಕುಂಕುಮದ ಬೊಟ್ಟು.

ಆ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿರಬೇಕು.

"ಅಜ್ಜೀ! ಏನ್ ಮಾಡೀಬೇ ಇದನ್ನ?"

"ಪೂಜಿ ಮಾಡೀನಿ. ಮತ್ತೇನ್ ಮಾಡ್ಲಿ?"

"ಇದು ಸ್ಟಾಂಪು! ದೇವರಲ್ಲ!"

"ಜಗಲಿ ಮ್ಯಾಲೆ ತಂದಿಟ್ಟಾಕಿ ನೀನ. ಪೂಜಿಗಲ್ಲದ ಯಾತಕ್ಕಿಟ್ಟಿದ್ದಿ, ಊಟಕ್ಕೇನು?"

"ಅದು ಎತ್ತೂ ಅಲ್ಲ, ಆಕಳು! ಸ್ವಿಟ್ಜರ್ಲೆಂಡಿನ ಆಕಳು!"

"ಎಲ್ಲೀದಾದ್ರ ಏನು? ಹೂವು ಮುಡಿಸ್ಯಾರ, ಗಂಟಿ ಕಟ್ಯಾರ. ಪೂಜಿಗಂತ ಸಿಂಗಾರ ಮಾಡಿದ ದನ ಅದು. ಪಾಪ, ಕುಂಕುಮ ಹಚ್ಚೋದು ಆ ಮಂದಿಗೆ ಮರ್ತೈತಿ. ನಾ ಹಚ್ಚೀನಿ."

ವಿಭೂತಿಯನ್ನು ಸಹನಾ ಹತ್ತಿಯಿಂದ ಮೆಲ್ಲಗೆ ಒರೆಸಿದಳು. ಕುಂಕುಮ ಹೋಗಲಿಲ್ಲ. ನೀರಿಗೆ ಹಾಕಿದರೆ ಕೆಂಪು ಇಡೀ ಆಕಳಿಗೆ ಹರಡುತ್ತದೆಂಬ ಹೆದರಿಕೆ. ಚೀಟಿಯ ಒಂದು ಮೂಲೆ ಒದ್ದೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಹುಡುಗಿಯ ತುಟಿಯೂ ಹಾಗೇ. ಮಾಸ್ತರರಿಗೆ ಯಾವ ಮುಖ ತೋರಿಸಲಿ ಎಂದು ಅತ್ತಳು. ಆಮೇಲೆ ಅಳು ನಿಂತು, ಅದಕ್ಕಿಂತ ಕೆಟ್ಟದ್ದು ಶುರುವಾಯಿತು: ಅಜ್ಜಿಯ ಜೊತೆ ಮಾತು ಬಿಟ್ಟಳು.

ಮಗ ಸೊಸೆ ಇಬ್ಬರೂ ಸಿಂಧನೂರಿನಲ್ಲಿ ಮಾಸ್ತರಿಕೆ ಮಾಡುವವರು, ಬೆಳಗಿನ ಬಸ್ಸಿಗೆ ಹೋಗಿ ಪಾರಾದರು. ಸಿಕ್ಕವನು ನಾನು. ಒಂದೇ ಅಡುಗೆಕೋಣೆಯಲ್ಲಿ, ಒಂದೇ ಒಲೆಯ ಎರಡು ಬದಿಗೆ ಕೂತು, "ತಾತಾ, ಅಜ್ಜಿಗೆ ಹೇಳು, ನನಗ ಹೋಳಿಗೆ ಬ್ಯಾಡ" ಎಂದು ಇವಳು. "ಆಕಿಗೆ ಹೇಳ್ರಿ, ತಿನ್ನದಿದ್ರ ಬಿಡ್ಲಿ, ಸ್ವಿಟ್ಜರ್ಲೆಂಡಿಗೆ ಕಳಸ್ತೀನಿ" ಎಂದು ಅವಳು. ನಡುವೆ ನಾನು ಅಂಚೆಯವನು. ಚೀಟಿಯಿಲ್ಲದ ಅಂಚೆ, ಎರಡೂ ಕಡೆ ಬೈಗುಳವೇ ಬಟವಾಡೆ. ಮೇಲ್ನೋಟಕ್ಕೆ ಹೆಂಡತಿ ಜೋರು ಮಾಡುತ್ತಿದ್ದರೂ ಹೋಳಿಗೆಯನ್ನು ಅವಳೂ ಮುಟ್ಟಲಿಲ್ಲ. ಬೋಗುಣಿಯಲ್ಲಿ ಹಿಟ್ಟು ನಾದುವಾಗ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಮೊಮ್ಮಗಳು ಮಾತಾಡಿಸದ ಮನೆಯಲ್ಲಿ ಅವಳಿಗೆ ಉಪ್ಪು ಎಲ್ಲಿದೆಯೆಂದೂ ತಿಳಿಯುತ್ತಿರಲಿಲ್ಲ. ನನಗೆ ಚೀಟಿಯ ಚಿಂತೆ ಇರಲಿಲ್ಲ, ನಿಜ ಹೇಳುತ್ತೇನೆ. ಇವರಿಬ್ಬರೂ ಹೀಗೇ ರೂಢಿ ಮಾಡಿಕೊಂಡುಬಿಟ್ಟರೆ ಎಂಬ ಚಿಂತೆ ಇತ್ತು.

ಸಂಜೆ ಕಟ್ಟೆಯ ಮೇಲೆ ಸಹನಾ ರಟ್ಟು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಕೂತೆ. ರಟ್ಟಿನ ಮೇಲಿನ ಬೇರೆ ದನಗಳ ಮೇಲೆಲ್ಲ ಕಪ್ಪು ಕಪ್ಪು ಮುದ್ರೆ. ಒಂದು ಎಮ್ಮೆಯ ಅರ್ಧ ಮುಖವೇ ಮುದ್ರೆಯೊಳಗೆ ಮುಳುಗಿತ್ತು. ಅದನ್ನೇ ಅವಳು ಹಿಂದೊಮ್ಮೆ ನನಗೆ ತೋರಿಸಿ, ಊರಿನ ಹೆಸರು ಎಷ್ಟು ಸ್ಪಷ್ಟ ಬಿದ್ದಿದೆ ನೋಡು ಎಂದು ಹಿಗ್ಗಿದ್ದಳು.

"ಅಲ್ಲಬೇ," ಎಂದೆ, "ಪೋಸ್ಟಿನ ಮಂದಿ ಎಮ್ಮಿ ಮುಖಕ್ಕ ಕರೀ ಮಸಿ ಬಡದ್ರ ಚಂದ ಅಂತೀ. ನಿಮ್ಮಜ್ಜಿ ಆಕಳ ಹಣಿಗೆ ಕುಂಕುಮ ಹಚ್ಚಿದ್ರ ಕೆಟ್ಟೋತು ಅಂತೀ. ಇದ್ಯಾವ ನ್ಯಾಯ?"

"ಅದು ಮುದ್ರಿ ತಾತಾ. ಚೀಟಿ ಯಾವ ಊರಿಂದ ಹೊಂಟಿತ್ತು ಅಂತ ತಿಳೀತೈತಿ."

"ಇದರಿಂದ ಯಾವ ಊರಿಗೆ ಬಂದು ಮುಟ್ಟೈತಿ ಅಂತ ತಿಳೀತೈತಲ್ಲ."

"ನಿನಗ ಏನೂ ಗೊತ್ತಾಗಂಗಿಲ್ಲ" ಎಂದು ಎದ್ದು ಒಳಗೆ ಹೋದಳು. ಆದರೆ ರಟ್ಟನ್ನು ಎದೆಗೆ ಒತ್ತಿ ಹಿಡಿದು ಹೋದಳು. ಅಂಗಡಿಯಲ್ಲಿ ಕೂತವನಿಗೆ ಇದು ಗೊತ್ತು: ಬೇಡ ಬೇಡವೆನ್ನುತ್ತಲೇ ಕೊಡವನ್ನು ಕೆಳಗಿಡದ ಗಿರಾಕಿ ತಿರುಗಿ ಬರುತ್ತಾಳೆ.

ಪ್ರದರ್ಶನದ ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಸಹನಾ, "ತಾತಾ, ಅಜ್ಜಿಗೂ ತಯಾರಾಗಾಕ ಹೇಳು" ಎಂದಳು. ಇನ್ನೂ ನನ್ನ ಅಂಚೆಯ ಮೂಲಕವೇ. ಆದರೆ ಅಜ್ಜಿ ಇಳಕಲ್ ಸೀರೆ ಉಟ್ಟು ಬಾಗಿಲ ಹಿಂದೆಯೇ ನಿಂತಿದ್ದಳು. ಕರೆ ಬರುವ ಮೊದಲೇ ಉಟ್ಟಿದ್ದಳೋ ಹೇಗೋ, ಕೇಳಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ.

ಲಿಂಗಸುಗೂರಿನ ಆ ಸಾಲಿಯ ಹಾಲಿನಲ್ಲಿ ಸಾಲು ಸಾಲು ಮೇಜು. ಸಹನಾಳ ರಟ್ಟಿನ ನಡುವೆ ಆಕಳು, ಕುಂಕುಮ ಸಹಿತ. ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: "ಈ ಆಕಳು ಸ್ವಿಟ್ಜರ್ಲೆಂಡಿನ ಹಬ್ಬದಿಂದ ಹೊರಟು, ಮಸ್ಕಿಯಲ್ಲಿ ನಮ್ಮ ಮನೆಯ ಮಣ್ಣೆತ್ತಿನ ಅಮಾವಾಸ್ಯೆಗೆ ಬಂದು ಮುಟ್ಟಿದೆ. ಕೆಂಪು ಮುದ್ರೆ ನಮ್ಮ ಅಜ್ಜಿಯದು." ನನಗೆ ಏನೂ ಗೊತ್ತಾಗುವುದಿಲ್ಲವೆಂದವಳು! ಓದಿ ಮುಗಿಸುವಷ್ಟರಲ್ಲಿ ಕನ್ನಡಕ ಮಂಜಾಯಿತು. ಓದಲು ಬಾರದ ನನ್ನ ಹೆಂಡತಿ ಆಕಳನ್ನು ಗುರುತು ಹಿಡಿದು, ಚಪ್ಪಲಿ ಬಿಟ್ಟು, ಮೇಜಿಗೆ ಕೈ ಮುಗಿದಳು.

ಮಾಸ್ತರರು ಬಂದರು. ಮಸೂರ ಹಿಡಿದು ಬಗ್ಗಿದರು. ಸಹನಾಳ ಕಿವಿ ಕೆಂಪಾದವು.

"ಇದು ನಾ ಕೊಟ್ಟದ್ದಲ್ಲೇನವ್ವಾ?"

"ಹೌದ್ರಿ ಸರ್."

"ಕೆಡಿಸೀರಲ್ಲ." ಮಸೂರ ಇನ್ನೂ ಅಲ್ಲೇ ಇತ್ತು. "ಯಾರು ಹಚ್ಚಿದ್ದು?"

ಸಹನಾ ಪಕ್ಕಕ್ಕೆ ಕೈ ಚಾಚಿ ಅಜ್ಜಿಯ ಕೈ ಹಿಡಿದಳು. ಚಾಡಿ ಹೇಳುವ ಹಿಡಿತವಲ್ಲ ಅದು, ಬೀಗರಿಗೆ ಪರಿಚಯ ಮಾಡಿಸುವ ಹಿಡಿತ. "ಇವರ್ರೀ. ನಮ್ಮಜ್ಜಿ."

ಮಾಸ್ತರರು ಕೆಳಗಿನ ಬರಹ ಓದಿದರು. ಇನ್ನೊಂದು ಸಲ ಓದಿದರು. ನನ್ನ ಹೆಂಡತಿಯ ಕಡೆ ತಿರುಗಿ, "ನಾ ಜೀವಮಾನ ಪೂರಾ ಮುದ್ರಿ ಹೊಡದೀನ್ರಿ ಯಮ್ಮಾ," ಎಂದರು, "ಒಂದೂ ಹಿಂಗ ಹಣಿ ನಟ್ಟನಡುವ ಬಿದ್ದಿಲ್ಲ." ಹೇಳಿ, ನಗದೆ, ಮುಂದಿನ ಮೇಜಿಗೆ ಹೋದರು. ಆದರೆ ಹೋಗುವಾಗ ಅವರ ಹೆಗಲು ಕುಲುಕುತ್ತಿದ್ದವು.

ಬಹುಮಾನ ಸಿಂಧನೂರಿನ ಒಬ್ಬ ಹುಡುಗನ ವಿಮಾನಗಳಿಗೆ ಹೋಯಿತು. ಹೋಗಲಿ ಬಿಡ್ರಿ, ವಿಮಾನಗಳಿಗೆ ಕುಂಕುಮ ಇರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಸಹನಾ ಸರಿದು ಜಾಗ ಮಾಡಿ, "ಅಜ್ಜಿ, ಕಿಡಕಿ ಕಡೆ ನೀ ಕೂಡು" ಎಂದಳು. ನನ್ನ ಮೂಲಕವಲ್ಲ, ನೇರ. "ನನಗ ಗಾಳಿ ಆಗಂಗಿಲ್ಲ, ನೀನ ಕೂಡು." "ಕೂಡಬೇ ಸುಮ್ನ." ಮಸ್ಕಿ ಬರುವತನಕ ಇಬ್ಬರೂ ಜಗಳಾಡಿದರು. ನನ್ನ ಅಂಚೆ ಕಚೇರಿ ಮುಚ್ಚಿಹೋಯಿತು. ಇಷ್ಟು ಸಂತೋಷದಿಂದ ನೌಕರಿ ಕಳೆದುಕೊಂಡವನು ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಮಾಸ್ತರರು ಒಂದು ಲಕೋಟೆ ಕಳಿಸಿದ್ದಾರೆ. ಒಳಗೆ ಹಳೇ ಲಕೋಟೆಯ ತುಣುಕಿಗಂಟಿದ ಒಂದು ಚೀಟಿ. ಅದರ ಮೇಲೊಂದು ಆನೆ, ಬೆನ್ನ ಮೇಲೆ ಜರಿ ಹೊದಿಕೆ. ಜೊತೆಗೆ ಒಂದೇ ಸಾಲು: ಇದು ಅಜ್ಜಿಯವರಿಗೆ. ಸಹನಾ ಅದನ್ನು ನೇರ ಜಗಲಿಯ ಮೇಲಿಡಲು ಹೋದಳು.

"ತಡಿ," ಎಂದಳು ನನ್ನ ಹೆಂಡತಿ. "ಜಳಕ ಆಗದ ಪೂಜಿ ಎಲ್ಲಿಂದ ಬಂತು?"

ಒಲೆಯ ಮೇಲೆ ನೀರು ಕಾಯಿಸಿದಳು. ತಿಕ್ಕಿ ಇಟ್ಟ ಬೋಗುಣಿಯನ್ನು ತಾನೇ ಇಳಿಸಿಕೊಂಡಳು, ನೆಗ್ಗಿದ ಅಂಚನ್ನು ಗೋಡೆಯ ಕಡೆ ಮಾಡಿ ಇಟ್ಟಳು. ನೀರು ಬೆರೆಸಿ, ಸಣ್ಣ ಕೂಸಿಗೆ ಎರೆಯುವ ಮೊದಲು ನೋಡುತ್ತಾರಲ್ಲ, ಹಾಗೆ ಮೊಣಕೈ ಅದ್ದಿ ಬಿಸಿ ನೋಡಿದಳು.

"ಹೂಂ," ಎಂದಳು ಮೊಮ್ಮಗಳಿಗೆ, "ಈಗ ಬಿಡು. ಮೆಲ್ಲಕ."