ಹುಡುಗರನ್ನು ಆಟಕ್ಕೆ ಕಳುಹಿಸಿದ ಟೀಚರ್

ಮೊನ್ನೆ ಅಮೆರಿಕದಲ್ಲಿ ನಾವಿರುವ ನೋವೈ ಊರಿನ ಅಂಗಡಿಯೊಂದರಲ್ಲಿ ಮೆಕ್ಕೆಜೋಳದ ಹಿಟ್ಟಿನ ಚೀಲ ಹರಿದು ನೆಲವೆಲ್ಲ ಬೆಳ್ಳಗಾಗಿತ್ತು. ಆ ಹಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಟೀಚರ್ ಆಂಟಿ ನೆನಪಾದರು. ರಾಗಿ ಸಿಗಲಿ ಬಿಡಲಿ, ಅವರು ಮುದ್ದೆ ಮಾಡುತ್ತಿದ್ದುದು ಮೆಕ್ಕೆಜೋಳದ ಹಿಟ್ಟಿನಲ್ಲೇ. ಮೈಸೂರಿನವರು, ಆಫ್ರಿಕಾದ ಬೋಟ್ಸ್ವಾನಾದಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ, ಇಲ್ಲಿ ಮಗಳ ಮನೆಗೆ ಬಂದಿದ್ದರು.

ಬಾಯಿ ಜೋರು. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಮುಖದ ಮೇಲೆಯೇ ಹೇಳುತ್ತಿದ್ದರು. ಆದರೆ ನನ್ನ ಮಗನಿಗೆ ಹದಿನೈದು ತುಂಬಿದ ವಾರ ನಮ್ಮ ಅಡುಗೆಮನೆಯಲ್ಲಿ ಕೂತು, ದನಿ ತಗ್ಗಿಸಿ ಒಂದು ವಿಷಯ ಹೇಳಿದರು. ಎಚ್‌ಐವಿ ಬಗ್ಗೆ ತಿಳಿಸಲು ಬೋಟ್ಸ್ವಾನಾದ ಅವರ ಶಾಲೆಗೆ ನರ್ಸ್ ಬಂದಾಗಲೆಲ್ಲ ಇವರು ಹುಡುಗಿಯರನ್ನು ಕೂರಿಸಿ, ಹುಡುಗರನ್ನು ಫುಟ್‌ಬಾಲ್ ಆಡಲು ಕಳುಹಿಸುತ್ತಿದ್ದರಂತೆ. ನಮ್ಮ ಕಡೆಯ ಶಾಲೆಗಳಲ್ಲಿ ಅಂಥ ಮಾತು ಬಂದರೆ ಹುಡುಗರನ್ನು ಹೊರಗೆ ಕಳುಹಿಸುವುದೇ ರೂಢಿ. ಇವರಿಗೂ ಅದೇ ಮರ್ಯಾದೆ ಅನ್ನಿಸಿತ್ತು. ನರ್ಸ್ ಆಕ್ಷೇಪಿಸಿದರೆ, ನಮ್ಮ ಹುಡುಗರು ಅಂಥವರಲ್ಲ ಎನ್ನುತ್ತಿದ್ದರಂತೆ.

ಆ ಹುಡುಗರಲ್ಲಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದವನೊಬ್ಬ, ರಕ್ತ ಪರೀಕ್ಷೆಯೆಲ್ಲ ಹೆಂಗಸರ ಕೆಲಸ ಎಂದುಕೊಂಡು ವರ್ಷಗಟ್ಟಲೆ ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಅವನನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವ ಹೊತ್ತಿಗೆ ತಡವಾಗಿತ್ತು...

“ಊರಲ್ಲೇ ಮಾತ್ರೆ ಇತ್ತಮ್ಮ, ಅವನಿಗೆ ಹೇಳೋರಿರ್ಲಿಲ್ಲ. ನಾನೇ ಆಚೆ ಕಳ್ಸಿದ್ದೆ. ನೀನಾದ್ರೂ ನಿನ್ನ ಮಗನ ಹತ್ರ ಕೂತು ಮಾತಾಡು.”

ನನಗೆ ಮೈಯೆಲ್ಲ ಉರಿಯಿತು. “ನನ್ನ ಮಗ ಅಂಥವನಲ್ಲ ಆಂಟಿ” ಎಂದುಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು! ಅವರು ಕಾಫಿ ಲೋಟ ತೊಳೆದಿಟ್ಟು ಹೋದರು.

ಆ ವರ್ಷ ಗೌರಿಹಬ್ಬದ ಕುಂಕುಮಕ್ಕೆ ನಾನು ಅವರನ್ನು ಕರೆಯಲಿಲ್ಲ. ಟಪಾಲು ತರಲು ಹೊರಬಂದಾಗ ಅವರು ಕೈಬೀಸುತ್ತಿದ್ದರು. ನಾನು ಗರಾಜಿನ ಬಾಗಿಲು ಇಳಿಸುತ್ತಿದ್ದೆ. ಎರಡು ಚಳಿಗಾಲ ಹಾಗೆಯೇ ಕಳೆದವು. ಆಮೇಲೆ ಅವರಿಗೆ ಹೃದಯಾಘಾತ... ಅಂತ್ಯಕ್ರಿಯೆಯಲ್ಲಿ ಕೊನೆಯ ಸಾಲಿನಲ್ಲಿ ನಿಂತು ಅತ್ತೆ. ಯಾರಿಗೂ ಕಾರಣ ಹೇಳಲಿಲ್ಲ.

ಕಳೆದ ಆಗಸ್ಟಿನಲ್ಲಿ ಮಗನನ್ನು ಶಿಕಾಗೋದ ಕಾಲೇಜಿಗೆ ಬಿಡಲು ಹೋಗುವಾಗ, ದಾರಿಯಲ್ಲಿ ಕಲಮಜೂ ಊರು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಆ ಮಾತು ಶುರು ಮಾಡಿದೆ. ನಾಲಿಗೆ ತಡವರಿಸಿತು. ಅವನು ಹಾಡು ನಿಲ್ಲಿಸಿ, “ಇಟ್ಸ್ ಓಕೆ ಅಮ್ಮಾ, ಗೋ ಆನ್” ಎಂದ. ಆಂಟಿ ಆಟಕ್ಕೆ ಕಳುಹಿಸಿದ ಹುಡುಗರ ಕತೆಯನ್ನೂ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿದ.

ಮಾತಾಡಿದೆ ಆಂಟಿ ಎಂದು ಅವರಿಗೆ ತಿಳಿಸಬೇಕಿತ್ತು. ಅವರ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.