ನಮ್ಮ ಮೀಟರಿನ ಸಂಖ್ಯೆ

ಬೆಟಗೇರಿಯ ನಮ್ಮ ಮನೆಯ ಕಟ್ಟೆ ಹತ್ತಿ, ಗುರುತಿಲ್ಲದ ಹೆಂಗಸೊಬ್ಬರು ಕರೆಂಟ್ ಮೀಟರಿನ ಫೋಟೋ ತೆಗೆಯುತ್ತಿದ್ದರು. ಓಡಿಹೋಗಿ ಮೊಬೈಲ್ ಕಸಿದುಕೊಂಡೆ. ಅದರ ತುಂಬ ಲಾರಿ, ಕಂಬ, ಗೂಡ್ಸ್ ಡಬ್ಬಿಗಳ ಸಂಖ್ಯೆಗಳೇ. ಯಾವುದೋ ಮೋಸದ ಜಾಲವೆಂದು ಖಾತ್ರಿಯಾಯಿತು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಮ್ಮ ಮನಿಯವರು ಗಣಿತದ ಮಾಸ್ತರ ಇದ್ದರು. ಲಕ್ವಾ ಹೊಡದು ಮಾತು ಹೋಗೇತಿ, ಲೆಕ್ಕ ಹೋಗಿಲ್ರಿ. ಭಾಗಿಸಿ ಒಡ್ಯಾಕ ದಿನಾ ಒಂದು ದೊಡ್ಡ ಸಂಖ್ಯಾ ಒಯ್ದು ಕೊಡತೀನಿ.”

ನಂಬಿಕೆ ಬರಲಿಲ್ಲ. ಮೊಬೈಲ್ ಕೊಡದೆ ಅವರ ಜೊತೆಗೇ ಹೋದೆ. ಹಿಂದಿನ ಓಣಿಯ ಮನೆಯಲ್ಲಿ ಹಿರಿಯರೊಬ್ಬರು ತೊಡೆಯ ಮೇಲೆ ಪಾಟಿ ಇಟ್ಟುಕೊಂಡು ಕೂತಿದ್ದರು.

“ಇವರ ಮನಿ ಮೀಟರಿಂದ್ರಿ ಇದು,” ಎಂದು ಹೆಂಡತಿ ನನ್ನ ಕೈಯಲ್ಲಿದ್ದ ಮೊಬೈಲ್ ನೋಡಿ 104729 ಓದಿ ಹೇಳಿದರು.

ಅವರು ಎಡಗೈಯಲ್ಲಿ ಬಳಪ ಹಿಡಿದು ಮೂರರಿಂದ, ಏಳರಿಂದ, ಹದಿಮೂರರಿಂದ ಭಾಗಿಸುತ್ತ ಹೋದರು. ಪ್ರತಿ ಸಲವೂ ಶೇಷ ಉಳಿಯಿತು. ಇದೂ ನಾಟಕವಿರಬಹುದೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಪಾಟಿ ಒರೆಸಿ ಒರೆಸಿ ಹೊತ್ತು ಇಳಿಯಿತು. ಕಡೆಗೆ ‘ಅವಿಭಾಜ್ಯ’ ಎಂದು ಬರೆದು, ಪಾಟಿಯನ್ನು ನನ್ನ ಕಡೆ ತಿರುಗಿಸಿ, ಸೊಟ್ಟಗಾದ ಬಾಯಲ್ಲೇ ಮಗುವಿನಂತೆ ನಕ್ಕರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ವಾರಕ್ಕೊಮ್ಮೆ ನಾನೂ ಒಂದು ಸಂಖ್ಯೆ ಒಯ್ದು ಕೊಡುತ್ತೇನೆ. ಅವರು ಅರೆಗಳಿಗೆಯಲ್ಲಿ ಒಡೆದುಬಿಡುತ್ತಾರೆ. ಅಂಥ ಒಡೆಯದ ಸಂಖ್ಯೆ ನನಗೆ ಇನ್ನೊಂದು ಸಿಕ್ಕಿಲ್ಲ.